ಪೈಲಟ್ ಕೆಲಸದ ಜಾಹೀರಾತಿನಲ್ಲಿ ಕೇಳುವ ‘ಗಂಟೆ’ ಎಲ್ಲಿಂದ ಬರುತ್ತದೆ, ಅದನ್ನು ಓದುವುದು ಹೇಗೆ

ಹೋದ ತಿಂಗಳು ಒಂದು ಭಾನುವಾರ ಅಕ್ಕನ ಮಗಳು ಸಹಕಾರನಗರದ ನಮ್ಮ ಮನೆಗೆ ಬಂದಳು. ಕೈಯಲ್ಲಿ ಹಾರಿದ ಗಂಟೆಗಳನ್ನೆಲ್ಲ ಬರೆದಿಡುವ ಲಾಗ್‌ಬುಕ್, ಫೋನಿನಲ್ಲಿ ಎರಡು ಜಾಹೀರಾತು. ಎರಡೂ ಕೋ-ಪೈಲಟ್ ಕೆಲಸದ್ದೇ, ಎರಡೂ ಏರ್‌ಬಸ್ ಎ320 ವಿಮಾನದ್ದೇ. ಒಂದರಲ್ಲಿ ಕಮರ್ಷಿಯಲ್ ಲೈಸೆನ್ಸ್ ಇದ್ದು 200 ಗಂಟೆ ಹಾರಿದ್ದರೆ ಸಾಕು ಅಂತ ಇದೆ. ಇನ್ನೊಂದರಲ್ಲಿ ಅದೇ ವಿಮಾನದಲ್ಲಿ 500 ಗಂಟೆ ಆಗಿರಬೇಕು ಅಂತ ಇದೆ. ‘ಮಾಮ, ಸೀಟು ಅದೇ, ವಿಮಾನ ಅದೇ. ಒಬ್ಬರಿಗೆ 200 ಸಾಕು ಅಂದ್ರೆ ಇನ್ನೊಬ್ಬರಿಗೆ ಯಾಕೆ ಸಾಲಲ್ಲ?’ ಅಂತ ಕೇಳಿದಳು.

ಒಳ್ಳೆಯ ಪ್ರಶ್ನೆ. ನಾನು ಪೈಲಟ್ ಅಲ್ಲ, ಆದರೆ ಹನ್ನೊಂದು ವರ್ಷ ಒಂದು ಏರ್‌ಲೈನ್‌ನ ಟ್ರೈನಿಂಗ್ ವಿಭಾಗದಲ್ಲಿ ಕೂತು ಪೈಲಟ್‌ಗಳ ಫೈಲ್ ನೋಡಿದವನು. ಈ ಅಂಕಿಗಳು ಮೀಟಿಂಗ್‌ನಲ್ಲಿ ಹೇಗೆ ಏರುತ್ತವೆ, ಹೇಗೆ ಇಳಿಯುತ್ತವೆ ಅಂತ ಹತ್ತಿರದಿಂದ ಕಂಡಿದ್ದೇನೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಬೆಂಗಳೂರಿನಲ್ಲಿ ಮನೆ ಅಡ ಇಟ್ಟು, ಸಾಲ ಮಾಡಿ ಮಕ್ಕಳನ್ನು ಪೈಲಟ್ ಓದಿಸುತ್ತಿರುವ ಅಪ್ಪ ಅಮ್ಮಂದಿರು ನನಗೆ ಗೊತ್ತಿರುವವರೇ ನಾಲ್ಕೈದು ಜನ ಇದ್ದಾರೆ. ಅವರಿಗೂ ಇದು ಗೊತ್ತಿರಬೇಕು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಜಾಹೀರಾತಿನ ಗಂಟೆ ನೀವು ಎಷ್ಟು ಒಳ್ಳೆಯ ಪೈಲಟ್ ಅಂತ ಅಳೆಯುವುದಿಲ್ಲ. ನೀವು ಬಂದ ಮೇಲೆ ಕಂಪನಿ ನಿಮಗೆ ಎಷ್ಟು ಕಲಿಸಬೇಕು, ಅಷ್ಟು ಕಲಿಸುವುದಕ್ಕೆ ಅವರ ಹತ್ತಿರ ಈಗ ಜನ ಮತ್ತು ಸಮಯ ಇದೆಯಾ ಅನ್ನುವುದನ್ನು ಅದು ಹೇಳುತ್ತದೆ. ಇದು ತಲೆಗೆ ಹೋದರೆ ಉಳಿದದ್ದೆಲ್ಲ ಸುಲಭ.

ಕೆಳಗಿನ ಮೆಟ್ಟಿಲು ಸರ್ಕಾರದ್ದು

ನಮ್ಮಲ್ಲಿ ಲೈಸೆನ್ಸ್ ಕೊಡುವುದು ಡಿಜಿಸಿಎ, ಅಂದರೆ ವಿಮಾನಯಾನದ ನಿಯಮ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ. ಕಮರ್ಷಿಯಲ್ ಪೈಲಟ್ ಲೈಸೆನ್ಸ್, ಅಂದರೆ ಸಿಪಿಎಲ್, ಬೇಕಾದರೆ ಕನಿಷ್ಠ 200 ಗಂಟೆ ಹಾರಿರಬೇಕು. ಆ 200ರ ಒಳಗೂ ಲೆಕ್ಕ ಇದೆ. 100 ಗಂಟೆ ನೀವೇ ಪೈಲಟ್ ಇನ್ ಕಮಾಂಡ್ ಆಗಿರಬೇಕು, ಅಂದರೆ ವಿಮಾನದ ಪೂರ್ತಿ ಜವಾಬ್ದಾರಿ ನಿಮ್ಮದೇ ಆಗಿರಬೇಕು. ಅದರಲ್ಲಿ 20 ಗಂಟೆ ಕ್ರಾಸ್ ಕಂಟ್ರಿ, ಅಂದರೆ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗಿದ್ದು. ಅದರಲ್ಲೂ ಒಂದು ಹಾರಾಟ 300 ನಾಟಿಕಲ್ ಮೈಲಿಗೆ ಕಡಿಮೆ ಇರಬಾರದು, ದಾರಿಯಲ್ಲಿ ಎರಡು ಬೇರೆ ನಿಲ್ದಾಣದಲ್ಲಿ ಪೂರ್ತಿ ಇಳಿದು ನಿಲ್ಲಬೇಕು. ಇನ್ಸ್ಟ್ರುಮೆಂಟ್ ನೋಡಿಕೊಂಡೇ ಹಾರಿಸಿದ್ದು 10 ಗಂಟೆ. ರಾತ್ರಿ 5 ಗಂಟೆ, ಅದರಲ್ಲಿ 10 ಟೇಕಾಫ್, 10 ಲ್ಯಾಂಡಿಂಗ್. ಹೆಬ್ಬಾಳದಿಂದ ಏರ್‌ಪೋರ್ಟ್ ಕಡೆ ಹೋಗುವಾಗ ಜಕ್ಕೂರಿನಲ್ಲಿ ಸಣ್ಣ ಸಣ್ಣ ವಿಮಾನ ಒಂದೇ ಸಮ ಸುತ್ತು ಹಾಕಿ ಇಳಿದು ಏಳುವುದನ್ನು ನೋಡಿರುತ್ತೀರಿ. ಆ ಸುತ್ತುಗಳೇ ಒಂದೊಂದಾಗಿ ಈ 200ಕ್ಕೆ ಸೇರುತ್ತಾ ಹೋಗುತ್ತವೆ.

ಕ್ಯಾಪ್ಟನ್ ಆಗುವುದಕ್ಕೆ ಇನ್ನೊಂದು ಲೈಸೆನ್ಸ್ ಬೇಕು, ಎಟಿಪಿಎಲ್. ಅದಕ್ಕೆ 21 ವರ್ಷ ತುಂಬಿರಬೇಕು, 1500 ಗಂಟೆ ಆಗಿರಬೇಕು.

ಹಾಗಾದರೆ ಕಾನೂನಿನ ಪ್ರಕಾರ ಕೋ-ಪೈಲಟ್ ಸೀಟಿಗೆ 200, ಕ್ಯಾಪ್ಟನ್ ಸೀಟಿಗೆ 1500. ಇದಕ್ಕಿಂತ ಕೆಳಗೆ ಯಾವ ಏರ್‌ಲೈನ್ ಕೂಡ ಇಳಿಯುವ ಹಾಗಿಲ್ಲ. ಮೇಲೆ ಎಷ್ಟು ಬೇಕಾದರೂ ಏರಿಸಬಹುದು. ಜಾಹೀರಾತಿನಲ್ಲಿ ಕಾಣುವ ವ್ಯತ್ಯಾಸ ಪೂರ್ತಿ ಆ ಮೇಲಿನ ಭಾಗದ್ದು.

ಏರ್‌ಲೈನ್ ಯಾಕೆ ಮೇಲೆ ಸೇರಿಸುತ್ತದೆ

200 ಗಂಟೆಯ ಹುಡುಗನೋ ಹುಡುಗಿಯೋ ಕೆಲಸಕ್ಕೆ ಸೇರಿದ ದಿನದಿಂದ ಏನೇನಾಗುತ್ತದೆ ನೋಡಿ. ಇಷ್ಟು ದಿನ ಹಾರಿಸಿದ್ದು ಜಾಸ್ತಿ ಅಂದರೆ ನಾಲ್ಕು ಸೀಟಿನ ಸೆಸ್ನಾ, ಕೊನೆಯಲ್ಲಿ ಸ್ವಲ್ಪ ಗಂಟೆ ಎರಡು ಎಂಜಿನ್‌ನ ಸಣ್ಣ ವಿಮಾನ. ಈಗ ಕೂರಬೇಕಾಗಿದ್ದು 180 ಜನ ಕೂತಿರುವ ಜೆಟ್‌ನಲ್ಲಿ. ಮೊದಲು ಗ್ರೌಂಡ್ ಕ್ಲಾಸ್. ಆಮೇಲೆ ಸಿಮ್ಯುಲೇಟರ್‌ನಲ್ಲಿ (ನೆಲದ ಮೇಲೇ ಇರುವ ನಕಲಿ ಕಾಕ್‌ಪಿಟ್, ‘ಸಿಮ್’ ಅಂತಾರೆ) ಟೈಪ್ ರೇಟಿಂಗ್, ಅಂದರೆ ಆ ಒಂದು ಜಾತಿಯ ವಿಮಾನಕ್ಕೇ ಬೇಕಾದ ತರಬೇತಿ ಮತ್ತು ಪರೀಕ್ಷೆ. ಅಲ್ಲಿ ಪಾಸಾದ ಮೇಲೆ ನಿಜವಾದ ವಿಮಾನದಲ್ಲಿ ಟೇಕಾಫ್, ಲ್ಯಾಂಡಿಂಗ್. ಆಮೇಲೆ ಪ್ರಯಾಣಿಕರಿರುವ ವಿಮಾನದಲ್ಲಿ ಲೈನ್ ಟ್ರೈನಿಂಗ್. ಅಲ್ಲಿ ಪಕ್ಕದ ಸೀಟಿನಲ್ಲಿ ಬರೀ ಕ್ಯಾಪ್ಟನ್ ಇದ್ದರೆ ಸಾಲದು, ಕಲಿಸುವ ಅಧಿಕಾರ ಇರುವ ಟ್ರೈನಿಂಗ್ ಕ್ಯಾಪ್ಟನ್ ಇರಬೇಕು. ಶುರುವಿನಲ್ಲಂತೂ ಹಿಂದಿನ ಜಂಪ್ ಸೀಟಿನಲ್ಲಿ ಇನ್ನೊಬ್ಬ ಪೈಲಟ್‌ನನ್ನೂ ಕೂರಿಸುತ್ತಾರೆ, ಕ್ಯಾಪ್ಟನ್‌ಗೆ ಏನಾದರೂ ಆದರೆ ವಿಮಾನ ನೋಡಿಕೊಳ್ಳುವುದಕ್ಕೆ. ಎಲ್ಲ ಮುಗಿದು ಕೊನೆಯ ಚೆಕ್, ಅಂದರೆ ಹಾರಾಟದ ಪರೀಕ್ಷೆ, ಪಾಸಾದ ದಿನ ‘ರಿಲೀಸ್ ಆದರು’ ಅಂತ ಹೇಳುತ್ತಾರೆ. ಅಲ್ಲಿಯವರೆಗೆ ಸಂಬಳ ಕೊಟ್ಟರೂ ರೋಸ್ಟರ್‌ನಲ್ಲಿ, ಅಂದರೆ ಯಾರು ಯಾವತ್ತು ಹಾರಬೇಕು ಅನ್ನುವ ಪಟ್ಟಿಯಲ್ಲಿ, ಅವರನ್ನು ಪೂರ್ತಿ ಒಬ್ಬರು ಅಂತ ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ.

ಅದೇ ಎ320ಯಲ್ಲಿ ಆಗಲೇ 500 ಗಂಟೆ ಮಾಡಿದವರು ಬಂದರೆ? ಕಂಪನಿಯ ಪದ್ಧತಿ ಕಲಿಸುವ ಕೆಲವು ಕ್ಲಾಸ್, ಒಂದೆರಡು ಸಿಮ್, ಕೆಲವು ಹಾರಾಟ, ಒಂದು ಚೆಕ್. ಕೆಲವೇ ವಾರದಲ್ಲಿ ರೋಸ್ಟರ್‌ಗೆ ಸಿಗುತ್ತಾರೆ.

ಈಗ ಸುಮ್ನೆ ಒಂದು ಲೆಕ್ಕ ಹಾಕೋಣ. ಹತ್ತು ವಿಮಾನ ಇರುವ ಒಂದು ಕಂಪನಿ ಅಂತ ಇಟ್ಟುಕೊಳ್ಳಿ. ಒಂದು ವಿಮಾನ ಬೆಳಗ್ಗೆಯಿಂದ ರಾತ್ರಿವರೆಗೆ ವಾರಪೂರ್ತಿ ಓಡಬೇಕಾದರೆ, ರಜೆ, ವಿಶ್ರಾಂತಿ, ಟ್ರೈನಿಂಗ್ ಎಲ್ಲ ಸೇರಿ ಸುಮಾರು ಆರು ಜೋಡಿ ಪೈಲಟ್ ಬೇಕು. ಅಲ್ಲಿಗೆ 60 ಕ್ಯಾಪ್ಟನ್, 60 ಕೋ-ಪೈಲಟ್. ಆ 60 ಕ್ಯಾಪ್ಟನ್‌ಗಳಲ್ಲಿ ಕಲಿಸುವ ಅಧಿಕಾರ ಇರುವವರು ಎಂಟು ಜನ ಇದ್ದಾರೆ ಅಂದುಕೊಳ್ಳಿ. ಆ ಎಂಟು ಜನವೇ ಹೊಸಬರಿಗೆ ಕಲಿಸಬೇಕು, ಕೋ-ಪೈಲಟ್ ಆಗಿದ್ದವರನ್ನು ಕ್ಯಾಪ್ಟನ್ ಮಾಡುವ ಟ್ರೈನಿಂಗ್ ಕೊಡಬೇಕು, ಎಲ್ಲರ ಮಾಮೂಲಿ ಚೆಕ್ ಮಾಡಬೇಕು, ತಮ್ಮ ರಜೆಯನ್ನೂ ತೊಗೋಬೇಕು. ಮುಂದಿನ ವರ್ಷ ಇನ್ನೂ ನಾಲ್ಕು ವಿಮಾನ ಬರುತ್ತವೆ ಅಂದಾಗ ಇಪ್ಪತ್ತನಾಲ್ಕು ಕೋ-ಪೈಲಟ್ ಬೇಕಾಗುತ್ತದೆ. ಎಲ್ಲರೂ 200 ಗಂಟೆಯವರೇ ಬಂದರೆ ಆ ಎಂಟು ಜನರ ಕೈಯಲ್ಲಿ ಆಗುವುದಿಲ್ಲ. ಆಗ ಟ್ರೈನಿಂಗ್ ಮುಖ್ಯಸ್ಥರು ಮೀಟಿಂಗ್‌ನಲ್ಲಿ ಹೇಳುವುದು ಒಂದೇ: ಹತ್ತು ಜನ ಫ್ರೆಶರ್ ಕೊಡಿ, ಉಳಿದವರು ಟೈಪ್ ರೇಟಿಂಗ್ ಇದ್ದು ಗಂಟೆ ಆದವರೇ ಬೇಕು. ಮಾರನೇ ವಾರ ಜಾಹೀರಾತಿನಲ್ಲಿ ‘500 ಗಂಟೆ’ ಕಾಣುತ್ತದೆ. ಅರ್ಜಿ ಹಾಕುವ ಮಕ್ಕಳಿಗೆ ತಮ್ಮನ್ನೇ ಯಾರೋ ಬೇಡ ಅಂದಂತೆ ಅನಿಸುತ್ತದೆ. ನಿಜವಾಗಿ ಅಲ್ಲಿ ಕಡಿಮೆ ಬಿದ್ದಿದ್ದು ಕಲಿಸುವವರು.

ಎರಡನೇ ಕಾರಣ ಮುಂದಿನ ಕ್ಯಾಪ್ಟನ್‌ಗಳದು. ಇದನ್ನು ಹೊರಗಿನವರು ಯೋಚಿಸುವುದೇ ಇಲ್ಲ. ಇವತ್ತು ತೊಗೊಂಡ ಕೋ-ಪೈಲಟ್ ನಾಲ್ಕೈದು ವರ್ಷದಲ್ಲಿ ಎಡಗಡೆ ಸೀಟಿಗೆ ಹೋಗಬೇಕು. ನಿಯಮದ ಪ್ರಕಾರ ಒಬ್ಬ ಪೈಲಟ್ ವರ್ಷಕ್ಕೆ 1000 ಗಂಟೆಗಿಂತ ಜಾಸ್ತಿ ಹಾರುವ ಹಾಗಿಲ್ಲ. ನಿಜವಾಗಿ ಆಗುವುದು ಏಳೆಂಟು ನೂರು. ಎಟಿಪಿಎಲ್‌ಗೆ 1500 ಸಾಕಾದರೂ ಕಮಾಂಡ್ ಕೊಡುವಾಗ, ಅಂದರೆ ಕ್ಯಾಪ್ಟನ್ ಮಾಡುವಾಗ, ಏರ್‌ಲೈನ್‌ಗಳು ಸಾಮಾನ್ಯವಾಗಿ ಅದಕ್ಕಿಂತ ಜಾಸ್ತಿ ಕೇಳುತ್ತವೆ. ಹಾಗಾಗಿ 200 ಗಂಟೆಯವರು ಕ್ಯಾಪ್ಟನ್ ಟ್ರೈನಿಂಗ್‌ಗೆ ತಯಾರಾಗುವುದಕ್ಕೆ ಮೂರ್ನಾಲ್ಕು ವರ್ಷ ಹಿಡಿಯುತ್ತದೆ. ಕಂಪನಿಗೆ ಎರಡೇ ವರ್ಷದಲ್ಲಿ ಕ್ಯಾಪ್ಟನ್‌ಗಳು ಬೇಕಾದರೆ ಈಗಲೇ 1500, 2000 ಗಂಟೆ ಆಗಿರುವ ಕೋ-ಪೈಲಟ್‌ಗಳನ್ನು ಹುಡುಕುತ್ತದೆ. ಹೊರಗಿನಿಂದ ನೇರ ಕ್ಯಾಪ್ಟನ್ ತರುವುದೂ ಬೇಗ ಆಗುವ ಕೆಲಸ ಅಲ್ಲ. 2017ರಲ್ಲಿ ಡಿಜಿಸಿಎ ತಂದ ನಿಯಮದಲ್ಲಿ ಕ್ಯಾಪ್ಟನ್‌ಗಳ ನೋಟಿಸ್ ಅವಧಿ ಒಂದು ವರ್ಷ, ಕೋ-ಪೈಲಟ್‌ಗಳದು ಆರು ತಿಂಗಳು.

ಮೂರನೆಯದು ದಾರಿ ಮತ್ತು ಹವಾಮಾನ. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಜಾವ ದೇವನಹಳ್ಳಿ ಕಡೆ ಹೋದವರಿಗೆ ಆ ಮಂಜು ಗೊತ್ತು, ಮುಂದಿನ ಕಾರಿನ ಲೈಟೂ ಕಾಣುವುದಿಲ್ಲ. ಅಂಥ ಹೊತ್ತಲ್ಲಿ ಇಳಿಸುವುದಕ್ಕೆ ಇಬ್ಬರು ಪೈಲಟ್‌ಗಳಿಗೂ ಬೇರೆ ತರಬೇತಿ ಆಗಿರಬೇಕು. ಜೂನ್‌ನಿಂದ ಕರಾವಳಿಯ ಮಳೆ. ಮಂಗಳೂರಿನಂಥ ಗುಡ್ಡದ ಮೇಲಿನ ರನ್‌ವೇ. ಹೊಸ ಕೋ-ಪೈಲಟ್‌ಗೆ ಜೋರು ಅಡ್ಡಗಾಳಿಯಲ್ಲಿ, ಒದ್ದೆ ರನ್‌ವೇಯಲ್ಲಿ, ಇಂಥ ನಿಲ್ದಾಣದಲ್ಲಿ ಲ್ಯಾಂಡಿಂಗ್ ಕೊಡುವುದಿಲ್ಲ. ಹೊಸ ಕ್ಯಾಪ್ಟನ್ ಮತ್ತು ಹೊಸ ಕೋ-ಪೈಲಟ್ ಇಬ್ಬರನ್ನೂ ಒಂದೇ ಕಾಕ್‌ಪಿಟ್‌ನಲ್ಲಿ ಜೋಡಿ ಮಾಡದ ಹಾಗೆ ರೋಸ್ಟರ್ ಮಾಡುವವರು ನೋಡಿಕೊಳ್ಳುತ್ತಾರೆ. ಹೊಸಬರು ಜಾಸ್ತಿಯಾದಷ್ಟೂ ರೋಸ್ಟರ್‌ನ ಕೈಕಾಲು ಕಟ್ಟಿಹಾಕಿದ ಹಾಗೆ. ಅದಕ್ಕೇ ಫ್ರೆಶರ್‌ಗಳ ಪಾಲು ಇಷ್ಟಕ್ಕಿಂತ ಮೇಲೆ ಹೋಗಬಾರದು ಅಂತ ಒಳಗೇ ಒಂದು ಗೆರೆ ಇರುತ್ತದೆ.

ಚಾರ್ಟರ್ ಕಂಪನಿ, ಬಿಸಿನೆಸ್ ಜೆಟ್ ಕಡೆ ಹೋದರೆ ಇನ್ಶೂರೆನ್ಸ್‌ನವರ ಮಾತೂ ಸೇರುತ್ತದೆ. ಒಟ್ಟು ಇಷ್ಟು, ಆ ವಿಮಾನದಲ್ಲಿ ಇಷ್ಟು ಗಂಟೆ ಇದ್ದರೆ ಮಾತ್ರ ಪಾಲಿಸಿ ಅನ್ವಯ ಅಂತ ಷರತ್ತು ಹಾಕುತ್ತಾರೆ. ಅಲ್ಲಿ ಎಷ್ಟು ವಾದ ಮಾಡಿದರೂ ಅಂಕಿ ಇಳಿಯುವುದಿಲ್ಲ.

ಮಾರುಕಟ್ಟೆ ಏರಿದರೆ ಅಂಕಿ ಇಳಿಯುತ್ತದೆ

2012ರ ಅಕ್ಟೋಬರ್‌ನಲ್ಲಿ ನಮ್ಮ ಬೆಂಗಳೂರಿನದೇ ಆದ ಕಿಂಗ್‌ಫಿಷರ್ ಏರ್‌ಲೈನ್ಸ್ ನಿಂತಿತು. 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್. 2020ರಲ್ಲಿ ಕೋವಿಡ್. 2023ರ ಮೇನಲ್ಲಿ ಗೋ ಫಸ್ಟ್. ಪ್ರತಿ ಸಲವೂ ಸಾವಿರಾರು ಗಂಟೆ ಹಾರಿದ ಪೈಲಟ್‌ಗಳು ಕೆಲಸ ಹುಡುಕಿಕೊಂಡು ಹೊರಗೆ ಬಂದರು. ರೆಡಿ ಇರುವವರು ಸಿಗುವಾಗ 200 ಗಂಟೆಯವರಿಗೆ ಕಲಿಸುವ ಖರ್ಚು ಯಾರು ಮಾಡುತ್ತಾರೆ? ಅಂಥ ಹೊತ್ತಲ್ಲಿ ಲೈಸೆನ್ಸ್ ಕೈಗೆ ಬಂದ ಮಕ್ಕಳು ವರ್ಷಗಟ್ಟಲೆ ಕಾದಿದ್ದಾರೆ. ಅವರದೇನೂ ತಪ್ಪಿರಲಿಲ್ಲ.

ಉಲ್ಟಾ ಆಗುವುದೂ ಇದೆ. 2023ರ ಫೆಬ್ರವರಿಯಲ್ಲಿ ಏರ್ ಇಂಡಿಯಾ 470 ವಿಮಾನಕ್ಕೆ ಆರ್ಡರ್ ಹೇಳಿತು. ಅದೇ ಜೂನ್‌ನಲ್ಲಿ ಇಂಡಿಗೋ 500. ಇಷ್ಟು ವಿಮಾನಕ್ಕೆ ಬೇಕಾದ ಅನುಭವಿ ಪೈಲಟ್‌ಗಳು ದೇಶದಲ್ಲಿ ಇಲ್ಲವೇ ಇಲ್ಲ, ತಯಾರು ಮಾಡಿಕೊಳ್ಳಲೇಬೇಕು. ಇದರ ಜೊತೆ ವಿಶ್ರಾಂತಿಯ ಹೊಸ ನಿಯಮ ಬಂತು. ವಾರದ ವಿಶ್ರಾಂತಿ 36 ಗಂಟೆಯಿಂದ 48 ಆಯಿತು, ರಾತ್ರಿ ಲ್ಯಾಂಡಿಂಗ್‌ಗಳ ಮಿತಿ 6ರಿಂದ 2ಕ್ಕೆ ಇಳಿಯಿತು. 2025ರ ಡಿಸೆಂಬರ್‌ನಲ್ಲಿ ಇಂಡಿಗೋ ವಿಮಾನಗಳು ದಿನಕ್ಕೆ ನೂರಾರು ರದ್ದಾಗಿ ಕೆಂಪೇಗೌಡ ನಿಲ್ದಾಣದಲ್ಲಿ ಜನ ಸೂಟ್‌ಕೇಸ್ ಮೇಲೆ ತಲೆ ಇಟ್ಟು ಮಲಗಿದ್ದರಲ್ಲ, ಅದರ ಹಿಂದೆ ಇದ್ದ ದೊಡ್ಡ ಕಾರಣ ಇದೇ: ಹೊಸ ನಿಯಮಕ್ಕೆ ತಕ್ಕಷ್ಟು ಪೈಲಟ್ ರೋಸ್ಟರ್‌ನಲ್ಲಿ ಇರಲಿಲ್ಲ. ವಿಶ್ರಾಂತಿ ಜಾಸ್ತಿ ಕೊಟ್ಟಿದ್ದು ಸರಿಯಾದ ಕೆಲಸ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಅದೇ ವಿಮಾನ ಓಡಿಸುವುದಕ್ಕೆ ಮೊದಲಿಗಿಂತ ಜಾಸ್ತಿ ಜನ ಬೇಕು. ಹೀಗೆ ಜನ ಸಾಲದಾದಾಗ ಜಾಹೀರಾತಿನ ಅಂಕಿ ಇಳಿಯುತ್ತದೆ.

ಹಾಗಾಗಿ ಜಾಹೀರಾತು ನೋಡಿದಾಗ ದಿನಾಂಕವನ್ನೂ ನೋಡಿ. ಎರಡು ವರ್ಷದ ಹಿಂದೆ ಯಾರೋ ಹೇಳಿದ ಅಂಕಿ ಹಿಡಿದುಕೊಂಡು ಈಗ ನಿರ್ಧಾರ ಮಾಡಬೇಡಿ.

ಜಾಸ್ತಿ ಗಂಟೆ ಅಂದರೆ ಜಾಸ್ತಿ ಸುರಕ್ಷಿತವಾ?

ಇದನ್ನು ಬಿಡಿಸಿ ಹೇಳಲೇಬೇಕು. ಅಮೆರಿಕದಲ್ಲಿ 2009ರ ಫೆಬ್ರವರಿ 12ರ ರಾತ್ರಿ ಬಫಲೋ ನಗರದ ಹತ್ತಿರ ಕೋಲ್ಗನ್ ಏರ್ ಕಂಪನಿಯ ವಿಮಾನ ಬಿತ್ತು, 50 ಜನ ಸತ್ತರು. ಸತ್ತವರ ಮನೆಯವರು ಬಿಡದೆ ಹೋರಾಡಿದರು. 2010ರಲ್ಲಿ ಕಾನೂನು ಬಂತು, 2013ರಿಂದ ಅಲ್ಲಿ ಏರ್‌ಲೈನ್ ಕೋ-ಪೈಲಟ್‌ಗೂ 1500 ಗಂಟೆ ಬೇಕು ಅಂತಾಯಿತು. ಮಿಲಿಟರಿಯಿಂದ ಬಂದವರಿಗೆ 750, ಏವಿಯೇಷನ್ ಪದವಿ ಇದ್ದವರಿಗೆ 1000. ಆದರೆ ಬಿದ್ದ ಆ ವಿಮಾನದಲ್ಲಿ ಇದ್ದ ಇಬ್ಬರಿಗೂ 1500ಕ್ಕಿಂತ ಜಾಸ್ತಿ ಗಂಟೆ ಆಗಿತ್ತು. ವಿಮಾನ ವೇಗ ಕಳೆದುಕೊಂಡು ಎಚ್ಚರಿಕೆ ಕೊಟ್ಟಾಗ ಮೂತಿ ಕೆಳಗೆ ಮಾಡಬೇಕಿತ್ತು, ಕ್ಯಾಪ್ಟನ್ ಮೇಲಕ್ಕೆ ಎಳೆದರು.

ನಮ್ಮ ಮಂಗಳೂರಿನದು ಇನ್ನೂ ಹತ್ತಿರದ ನೋವು. 2010ರ ಮೇ 22ರ ಬೆಳಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿತ್ತು. 166 ಜನರಲ್ಲಿ ಉಳಿದವರು 8. ಕ್ಯಾಪ್ಟನ್‌ಗೆ 10 ಸಾವಿರ ಗಂಟೆಗಿಂತ ಜಾಸ್ತಿ ಆಗಿತ್ತು. ಎತ್ತರ ಜಾಸ್ತಿ ಇದೆ, ಮತ್ತೆ ಮೇಲೆ ಹೋಗೋಣ ಅಂತ ಹೇಳಿದ್ದು ಪಕ್ಕದಲ್ಲಿದ್ದ ಕೋ-ಪೈಲಟ್. ಕ್ಯಾಪ್ಟನ್ ದಾರಿಯಲ್ಲಿ ತುಂಬ ಹೊತ್ತು ನಿದ್ದೆ ಮಾಡಿದ್ದರು ಅಂತಲೂ ತನಿಖೆ ಹೇಳಿತು. ಗಂಟೆ ಕಡಿಮೆ ಇದ್ದವರು ಸರಿಯಾಗಿ ಹೇಳಿದರು, ಜಾಸ್ತಿ ಇದ್ದವರು ಕೇಳಲಿಲ್ಲ.

ಇದಾದ ಮೇಲೂ ಅನುಭವ ಬೇಡ ಅಂತ ನಾನು ಹೇಳುವುದಿಲ್ಲ. ಮೊದಲ ಮಳೆಗಾಲ ದಾಟಿದ ಪೈಲಟ್‌ಗೂ ದಾಟದವರಿಗೂ ವ್ಯತ್ಯಾಸ ಇದೆ, ಅವರ ರಿಪೋರ್ಟ್‌ಗಳಲ್ಲೇ ಅದು ಕಾಣುತ್ತದೆ. ಆದರೆ ಒಟ್ಟು ಅಂಕಿ ಒಂದನ್ನೇ ನೋಡುವ ಏರ್‌ಲೈನ್ ಇಲ್ಲ. ಅದಕ್ಕೇ ಗಂಟೆಯ ಬಾಗಿಲು ದಾಟಿದ ಮೇಲೂ ಲಿಖಿತ ಪರೀಕ್ಷೆ, ಮನೋವೈಜ್ಞಾನಿಕ ಪರೀಕ್ಷೆ, ಸಿಮ್ ಚೆಕ್, ಇಂಟರ್‌ವ್ಯೂ ಅಂತ ಸಾಲಾಗಿ ಇರುತ್ತವೆ. ಇಬ್ಬರಾಗಿ ಕೆಲಸ ಮಾಡುವುದು ಹೇಗೆ ಅಂತ ಅಲ್ಲಿ ನೋಡುತ್ತಾರೆ.

ಜಾಹೀರಾತನ್ನು ಪದ ಪದ ಓದಿ

‘ಒಟ್ಟು ಗಂಟೆ’ ಅಂದರೆ ಲಾಗ್‌ಬುಕ್‌ನ ಎಲ್ಲ ಸೇರಿ. ‘ಆನ್ ಟೈಪ್’ ಅಂದರೆ ಅದೇ ಜಾತಿಯ ವಿಮಾನದಲ್ಲಿ ಮಾತ್ರ. ಎಟಿಆರ್ 72 ಅನ್ನುವ ಬೇರೆ ಜಾತಿಯ ವಿಮಾನದಲ್ಲಿ ನೀವು 1000 ಗಂಟೆ ಮಾಡಿದ್ದರೂ ‘ಎ320 ಆನ್ ಟೈಪ್ 500’ ಅಂತ ಇದ್ದರೆ ನಿಮ್ಮದು ಸೊನ್ನೆ. ಇದನ್ನು ಓದದೆ ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾಯುವವರು ಬಹಳ ಜನ.

‘ಪಿಐಸಿ’ ಅಂತ ಇದ್ದರೆ ನೀವೇ ಕಮಾಂಡ್‌ನಲ್ಲಿದ್ದ ಗಂಟೆ. ನೇರ ಕ್ಯಾಪ್ಟನ್ ಹುದ್ದೆಗೆ ಕೇಳುವುದು ಸಾಮಾನ್ಯವಾಗಿ ಇದನ್ನು, ಅದೂ ಆನ್ ಟೈಪ್ ಜೊತೆ ಸೇರಿಸಿ. ‘5700 ಕೆಜಿಗಿಂತ ಮೇಲೆ’ ಅಂತ ಕೆಲವರು ಬರೆಯುತ್ತಾರೆ. ಅಂದರೆ ಸಣ್ಣ ತರಬೇತಿ ವಿಮಾನದ ಗಂಟೆ ಲೆಕ್ಕಕ್ಕೆ ಇಲ್ಲ, ದೊಡ್ಡದರಲ್ಲಿ ಹಾರಿದ್ದು ಹೇಳಿ ಅಂತ. ಜೆಟ್ ಅಂತ ಬೇರೆ ಕೇಳಿದ್ದರೆ ಎಟಿಆರ್ ಅದಕ್ಕೆ ಸೇರುವುದಿಲ್ಲ, ಅದು ಟರ್ಬೊಪ್ರಾಪ್, ಪ್ರೊಪೆಲ್ಲರ್ ತಿರುಗಿ ಹಾರುವ ವಿಮಾನ.

‘ಕರೆಂಟ್’ ಅನ್ನುವ ಪದ ಸಣ್ಣದು, ಎಷ್ಟೋ ಅರ್ಜಿ ಬಿದ್ದುಹೋಗುವುದು ಇಲ್ಲೇ. ಲೈಸೆನ್ಸ್ ಇದ್ದರೆ ಸಾಲದು. ಇನ್ಸ್ಟ್ರುಮೆಂಟ್ ರೇಟಿಂಗ್, ಅಂದರೆ ಹೊರಗೆ ಕಾಣದಿದ್ದರೂ ಇನ್ಸ್ಟ್ರುಮೆಂಟ್ ನೋಡಿಕೊಂಡೇ ಹಾರಿಸುವ ಅನುಮತಿ, ಈ ವರ್ಷದ್ದಾ? ಕ್ಲಾಸ್ 1 ಮೆಡಿಕಲ್, ಅಂದರೆ ಪೈಲಟ್‌ಗಳ ಆರೋಗ್ಯ ಪರೀಕ್ಷೆಯ ಪ್ರಮಾಣಪತ್ರ, ಚಾಲ್ತಿಯಲ್ಲಿದೆಯಾ? ಕೊನೆಯ ಆರು ತಿಂಗಳಲ್ಲಿ ಏನಾದರೂ ಹಾರಿದ್ದೀರಾ? ಎರಡು ವರ್ಷದ ಹಿಂದೆ 2000 ಗಂಟೆ ಮಾಡಿ ಆಮೇಲೆ ಸುಮ್ಮನಿದ್ದವರಿಗಿಂತ, 250 ಗಂಟೆ ಇದ್ದು ಹೋದ ತಿಂಗಳು ಹಾರಿದವರನ್ನು ಮೊದಲು ಕರೆದಿದ್ದನ್ನು ನಾನೇ ನೋಡಿದ್ದೇನೆ.

ಇನ್ನು ‘ಕನಿಷ್ಠ’ ಅಂದರೆ ಅಷ್ಟಿದ್ದರೆ ಕರೆಯುತ್ತಾರೆ ಅಂತ ಅರ್ಥ ಅಲ್ಲ. ಅರ್ಜಿ ಜಾಸ್ತಿ ಬಂದರೆ ಮೇಲಿನಿಂದ ಕರೆಯುತ್ತಾ ಬರುತ್ತಾರೆ.

ಲಾಗ್‌ಬುಕ್ ಮುಂದೆ ಇಟ್ಟುಕೊಂಡು ಕೂರಿ

ಆ ಭಾನುವಾರ ನಾವು ಮಾಡಿದ್ದು ಇದನ್ನೇ. ಊಟದ ಟೇಬಲ್ ಮೇಲೆ ಲಾಗ್‌ಬುಕ್ ಬಿಚ್ಚಿ ಒಂದೊಂದು ಕಾಲಮ್ ಬೇರೆ ಬೇರೆ ಕೂಡಿದೆವು: ಒಟ್ಟು, ಇನ್‌ಸ್ಟ್ರಕ್ಟರ್ ಜೊತೆ ಹಾರಿದ್ದು, ಒಬ್ಬಳೇ ಹಾರಿದ್ದು, ಕ್ರಾಸ್ ಕಂಟ್ರಿ, ರಾತ್ರಿ, ಇನ್ಸ್ಟ್ರುಮೆಂಟ್, ಎರಡು ಎಂಜಿನ್. ರಾತ್ರಿಯ ಕಾಲಮ್‌ಗೆ ಬಂದಾಗ ಅವಳು ಆನ್‌ಲೈನ್ ಫಾರ್ಮ್‌ನಲ್ಲಿ ತುಂಬಿಟ್ಟಿದ್ದ ಅಂಕಿ 4.50. ಲೈಸೆನ್ಸ್‌ಗೇ 5 ಗಂಟೆ ಬೇಕು, 4.50 ಹೇಗೆ ಬಂತು? ಮತ್ತೆ ನೋಡಿದೆವು. ಐದು ಹಾರಾಟ: 50 ನಿಮಿಷ, 1 ಗಂಟೆ 10 ನಿಮಿಷ, 55 ನಿಮಿಷ, 1 ಗಂಟೆ 20 ನಿಮಿಷ, 1 ಗಂಟೆ 15 ನಿಮಿಷ. ಅವಳು ಕ್ಯಾಲ್ಕುಲೇಟರ್‌ನಲ್ಲಿ 0.50, 1.10, 0.55, 1.20, 1.15 ಅಂತ ಹೊಡೆದಿದ್ದಳು. 4.50 ಬಂದಿತ್ತು. ನಿಮಿಷ ಮಾಡಿ ಕೂಡಿದರೆ 330, ಅಂದರೆ ಐದೂವರೆ ಗಂಟೆ. ಗಂಟೆಗೆ 60 ನಿಮಿಷ, ಕ್ಯಾಲ್ಕುಲೇಟರ್‌ಗೆ 100. ಇಷ್ಟೇ ತಪ್ಪು. ಆದರೆ ಫೈಲ್ ನೋಡುವ ಮೇಜಿನ ಮೇಲೆ ಇದು ಬಂದರೆ, ಈ ಹುಡುಗಿಗೆ ಲೈಸೆನ್ಸ್ ಸಿಕ್ಕಿದ್ದು ಹೇಗೆ ಅಂತ ಕೇಳುತ್ತಾರೆ. ನಾನಾಗಿದ್ದರೂ ಕೇಳುತ್ತಿದ್ದೆ.

ಹಾಗಾಗಿ ಎಲ್ಲವನ್ನೂ ನಿಮಿಷಕ್ಕೆ ತಂದು ಕೂಡಿ, ಕೊನೆಯಲ್ಲಿ 60ರಿಂದ ಭಾಗಿಸಿ. ಫಾರ್ಮ್ ದಶಮಾಂಶ ಕೇಳುತ್ತದಾ, ಗಂಟೆ ನಿಮಿಷ ಕೇಳುತ್ತದಾ ನೋಡಿ. ಲಾಗ್‌ಬುಕ್, ಡಿಜಿಸಿಎ ದಾಖಲೆ, ಏರ್‌ಲೈನ್ ಅರ್ಜಿ, ಮೂರರಲ್ಲೂ ಒಂದೇ ಅಂಕಿ ಇರಬೇಕು. ಜಾಸ್ತಿ ಬರೆದರೂ ಕಷ್ಟ, ಕಡಿಮೆ ಬರೆದರೂ ಕಷ್ಟ.

ಹಾರದೆ ಗಂಟೆ ಬರೆಯಬೇಡಿ, ಎರಡು ಗಂಟೆಯಾದರೂ ಸರಿ. ವಿಮಾನದ ಟೆಕ್ ಲಾಗ್, ಇಂಧನದ ಲೆಕ್ಕ, ಟವರ್‌ನ ದಾಖಲೆ ಬೇರೆ ಬೇರೆ ಕಡೆ ಇರುತ್ತವೆ. 2011ರಲ್ಲಿ ನಕಲಿ ಅಂಕಪಟ್ಟಿ ಕೊಟ್ಟು ಲೈಸೆನ್ಸ್ ಪಡೆದ ಪೈಲಟ್‌ಗಳು ಸಿಕ್ಕಿಬಿದ್ದ ಮೇಲೆ ಈ ದಾಖಲೆಗಳನ್ನು ಒಂದಕ್ಕೊಂದು ಇಟ್ಟು ನೋಡುವುದು ಮಾಮೂಲಿ ಆಗಿದೆ. ಹಿಂದೆ ಕೂರುವ 180 ಜನ ಆ ಪುಸ್ತಕದ ಮೇಲೆ ನಂಬಿಕೆ ಇಟ್ಟೇ ಹತ್ತುತ್ತಾರೆ.

ಲಾಗ್‌ಬುಕ್‌ನಲ್ಲಿ ಖಾಲಿ ತಿಂಗಳುಗಳಿದ್ದರೆ ಕಾರಣ ತಯಾರಿಟ್ಟುಕೊಳ್ಳಿ. ಅಕ್ಕನ ಮಗಳ ಪುಸ್ತಕದಲ್ಲಿ ಐದು ತಿಂಗಳು ಬರೀ ಆರು ಗಂಟೆ. ಅವಳು ಕಲಿತ ಫ್ಲೈಯಿಂಗ್ ಸ್ಕೂಲ್‌ನಲ್ಲಿ ಆಗ ಇಪ್ಪತ್ತಕ್ಕೂ ಜಾಸ್ತಿ ವಿದ್ಯಾರ್ಥಿಗಳಿಗೆ ಓಡುತ್ತಿದ್ದದ್ದು ಒಂದೇ ವಿಮಾನ. ಫೀಸ್ ಪೂರ್ತಿ ಕಟ್ಟಿಸಿಕೊಂಡಿದ್ದರು. ಅಕ್ಕ ಎಷ್ಟು ಸಲ ಹೋಗಿ ಕೇಳಿದರೂ ‘ಮುಂದಿನ ವಾರ’ ಅನ್ನುವ ಉತ್ತರ. ಆ ಸಿಟ್ಟು ನಮಗೆ ಈಗಲೂ ಹೋಗಿಲ್ಲ. ಆದರೆ ಇಂಟರ್‌ವ್ಯೂನಲ್ಲಿ ಇದನ್ನು ಎರಡೇ ವಾಕ್ಯದಲ್ಲಿ ಹೇಳಬೇಕು: ವಿಮಾನ ಇರಲಿಲ್ಲ, ಆ ತಿಂಗಳುಗಳಲ್ಲಿ ನಾನು ಇಂಥ ಪರೀಕ್ಷೆ ಮುಗಿಸಿದೆ. ಅವಳು ಆ ಹೊತ್ತಲ್ಲಿ ರೇಡಿಯೊ ಪರೀಕ್ಷೆ ಪಾಸು ಮಾಡಿದ್ದಳು, ಅದೇ ಉತ್ತರ.

ಗಂಟೆ ಸಾಲದಿದ್ದರೆ

ಫ್ರೆಶರ್‌ಗಳನ್ನು ತೊಗೊಳ್ಳುವ ಏರ್‌ಲೈನ್‌ಗಳನ್ನೇ ಮೊದಲು ನೋಡಿ, ಅವು ಇವೆ. ಎಟಿಆರ್ ಇರುವ ಕಡೆಗೂ ಅರ್ಜಿ ಹಾಕಿ. ಸಣ್ಣ ಊರುಗಳಿಗೆ ದಿನಕ್ಕೆ ನಾಲ್ಕೈದು ಸಲ ಇಳಿದು ಏಳುವ ವಿಮಾನ ಅದು, ಹುಬ್ಬಳ್ಳಿ, ಮೈಸೂರಿನಂಥ ದಾರಿಯಲ್ಲಿ ಸಿಗುವ ಟೇಕಾಫ್, ಲ್ಯಾಂಡಿಂಗ್ ದೂರದ ಹಾರಾಟದಲ್ಲಿ ಸಿಗುವುದಿಲ್ಲ. ಜೆಟ್ ಅಲ್ಲ ಅಂತ ಮೂಗು ಮುರಿಯಬೇಡಿ. ಇನ್‌ಸ್ಟ್ರಕ್ಟರ್ ರೇಟಿಂಗ್ ಮಾಡಿಕೊಂಡು ಕಲಿಸುವುದು ಇನ್ನೊಂದು ದಾರಿ. ಸಂಬಳ ಕಡಿಮೆ, ಗಂಟೆ ನಿಜವಾದದ್ದು, ಪಿಐಸಿ ಕೂಡ ಸೇರುತ್ತದೆ. ಕಲಿಸುವಾಗಲೇ ನಮಗೆ ಜಾಸ್ತಿ ಅರ್ಥ ಆಗೋದು ಅಂತ ಅಲ್ಲಿಂದ ಬಂದವರೆಲ್ಲ ಹೇಳಿದ್ದನ್ನು ಕೇಳಿದ್ದೇನೆ.

ಸ್ವಂತ ದುಡ್ಡಲ್ಲಿ ಟೈಪ್ ರೇಟಿಂಗ್ ಮಾಡಿಸುವ ಬಗ್ಗೆ ನನ್ನ ಮಾತು ಕಟ್ಟುನಿಟ್ಟು: ಕೆಲಸದ ಪತ್ರ ಕೈಗೆ ಬರುವ ಮುಂಚೆ ಬೇಡ. ಲಕ್ಷಗಟ್ಟಲೆ ಖರ್ಚಾಗುತ್ತದೆ. ಆನ್ ಟೈಪ್ 500 ಕೇಳುವವರಿಗೆ ಬರೀ ರೇಟಿಂಗ್ ಇದ್ದು ಆ ವಿಮಾನದಲ್ಲಿ ಗಂಟೆ ಇಲ್ಲದವರೂ ಫ್ರೆಶರೇ. ಮೇಲಾಗಿ ಹಾರದೆ ಕೂತರೆ ಆ ರೇಟಿಂಗ್ ಹಳೆಯದಾಗುತ್ತದೆ, ಮತ್ತೆ ಸಿಮ್‌ಗೆ ದುಡ್ಡು. ಮನೆ ಮೇಲೆ ಆಗಲೇ ಒಂದು ಸಾಲ ಇರುವಾಗ ಇನ್ನೊಂದನ್ನು ಹೇರಬೇಡಿ. ಏಜೆಂಟ್ ಯಾರಾದರೂ ‘ರೇಟಿಂಗ್ ಮಾಡಿಸಿ, ಸೀಟು ನಾನು ಕೊಡಿಸ್ತೀನಿ’ ಅಂದರೆ ಅಲ್ಲಿಂದ ಎದ್ದು ಬನ್ನಿ.

ಅಕ್ಕನ ಮಗಳ ಎರಡು ಜಾಹೀರಾತಿನಲ್ಲಿ 500ರದ್ದನ್ನು ಬಿಟ್ಟೆವು. 200ರದ್ದಕ್ಕೆ ತುಂಬಲು ಕೂತಾಗ ಮೆಡಿಕಲ್ ಮುಗಿಯುವ ದಿನಾಂಕ ನೋಡಿದೆ. ಇನ್ನು ಐದು ವಾರ ಮಾತ್ರ ಇತ್ತು. ಆಯ್ಕೆಯ ಸಾಲು ಮುಗಿಯುವುದಕ್ಕೆ ಅದಕ್ಕಿಂತ ಜಾಸ್ತಿ ಹಿಡಿಯುತ್ತದೆ. ಸೋಮವಾರ ಬೆಳಗ್ಗೆ ಮೊದಲ ಕೆಲಸ ಮೆಡಿಕಲ್‌ಗೆ ದಿನ ಗೊತ್ತು ಮಾಡಿಕೋ, ಅದು ಆದ ಮೇಲೆ ಅರ್ಜಿಯ ಬಟನ್ ಒತ್ತು ಅಂತ ಹೇಳಿದೆ. ಲಾಗ್‌ಬುಕ್‌ನ ಒಳರಟ್ಟಿನ ಮೇಲೆ ಪೆನ್ಸಿಲ್‌ನಲ್ಲಿ ಮೂರು ದಿನಾಂಕ ಬರೆದುಕೊಂಡಳು: ಮೆಡಿಕಲ್, ಇನ್ಸ್ಟ್ರುಮೆಂಟ್ ರೇಟಿಂಗ್, ಕೊನೆಯ ಹಾರಾಟ. ನೀವೂ ಬರೆದುಕೊಳ್ಳಿ.